ಹೊಗೆ ಬಂದರೆ ಕೂಗುವ ಡಬ್ಬಿ: ಮಲಗುವ ಕೋಣೆಗೆ ಬರಲು ಮೂರೂವರೆ ದಶಕ ಹಿಡಿಯಿತು

ರಾತ್ರಿ ಮನೆಗೆ ಬೆಂಕಿ ಬಿದ್ದು ಜನ ಸತ್ತರೆ ‘ಸುಟ್ಟು ಸತ್ತರು’ ಅನ್ನುತ್ತೇವೆ. ಆದರೆ ಅಂಥವರಲ್ಲಿ ಬಹಳಷ್ಟು ಜನರ ಜೀವ ತೆಗೆಯುವುದು ಹೊಗೆ. ಉರಿ ಹಾಸಿಗೆ ತನಕ ಬರುವ ಮೊದಲೇ ಹೊಗೆ ಬಂದಿರುತ್ತದೆ. ಗಾಢ ನಿದ್ದೆಯಲ್ಲಿ ಮೂಗಿಗೆ ವಾಸನೆ ಸರಿಯಾಗಿ ತಿಳಿಯುವುದಿಲ್ಲ. ಹೊಗೆಯ ಜೊತೆ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕಂತೂ ವಾಸನೆಯೇ ಇಲ್ಲ. ಮಲಗಿದವರು ಮಲಗಿದಲ್ಲೇ ಪ್ರಜ್ಞೆ ತಪ್ಪುತ್ತಾರೆ.

ಜೋರು ಸದ್ದಾದರೆ ಮಾತ್ರ ಹೆಚ್ಚಿನವರಿಗೆ ಎಚ್ಚರವಾಗುತ್ತದೆ. ಮೂಗಿನ ಕೆಲಸವನ್ನು ಕಿವಿಗೆ ಒಪ್ಪಿಸುವ ಸಾಧನವೇ ಸ್ಮೋಕ್ ಅಲಾರಂ. ಅಂಗೈ ಅಗಲದ ಈ ಡಬ್ಬಿಯ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ.

ಹುಡುಕಿದ್ದು ವಿಷಾನಿಲ, ಸಿಕ್ಕಿದ್ದು ಹೊಗೆ

1930ರ ದಶಕದ ಕೊನೆಯ ಭಾಗ. ಸ್ವಿಟ್ಜರ್‌ಲೆಂಡಿನ ವಾಲ್ಟರ್ ಯೇಗರ್ ಎಂಬ ವಿಜ್ಞಾನಿ ವಿಷಾನಿಲವನ್ನು ಪತ್ತೆ ಹಚ್ಚುವ ಯಂತ್ರ ಮಾಡಲು ಹೊರಟಿದ್ದರು. ಡಬ್ಬಿಯೊಳಗಿನ ಗಾಳಿಯಲ್ಲಿ ಸಣ್ಣಗೆ ವಿದ್ಯುತ್ ಹರಿಯುತ್ತಿರಬೇಕು, ವಿಷಾನಿಲ ಒಳಗೆ ಬಂದರೆ ಆ ಹರಿವು ಬದಲಾಗಬೇಕು ಎಂಬುದು ಅವರ ಲೆಕ್ಕ. ಎಷ್ಟು ಪ್ರಯತ್ನಪಟ್ಟರೂ ಯಂತ್ರ ಜಗ್ಗಲಿಲ್ಲ. ಬೇಸತ್ತು ಒಂದು ಸಿಗರೇಟು ಹಚ್ಚಿದರಂತೆ. ಸ್ವಲ್ಪ ಹೊತ್ತಿಗೆ ಮೀಟರಿನ ಮುಳ್ಳು ಕೆಳಗಿಳಿಯಿತು. ಯಂತ್ರಕ್ಕೆ ಹೊಗೆ ಗೊತ್ತಾಗಿತ್ತು.

ಅದೇ ದೇಶದ ಅರ್ನ್‌ಸ್ಟ್ ಮೈಲಿ 1939ರಲ್ಲಿ ಈ ಕೆಲಸವನ್ನು ಮುಂದಕ್ಕೆ ಒಯ್ದರು. ಅಷ್ಟು ಚಿಕ್ಕ ಬದಲಾವಣೆಯಿಂದಲೇ ಗಂಟೆ ಬಾರಿಸುವಂತೆ ಮಾಡಿದರು. 1951ರ ಹೊತ್ತಿಗೆ ಇಂಥ ಯಂತ್ರಗಳು ಅಮೆರಿಕದಲ್ಲೂ ಮಾರಾಟಕ್ಕೆ ಬಂದವು. ಆದರೆ ಗಾತ್ರವೂ ದೊಡ್ಡದು, ಬೆಲೆಯೂ ದುಬಾರಿ. ಕೊಂಡವರು ಕಾರ್ಖಾನೆಗಳು, ದೊಡ್ಡ ಕಂಪನಿಗಳು. ಸರಕಿಗೆ ಕಾವಲು ಸಿಕ್ಕಿತು. ಮನೆಯಲ್ಲಿ ಮಲಗಿದ್ದ ಮಕ್ಕಳಿಗೆ ಸಿಗಲಿಲ್ಲ.

ಮತ್ತೊಂದು ಸಿಗರೇಟು

ಉಣ್ಣೆ ಸ್ವೆಟರ್ ಕಳಚುವಾಗ ಚಟಪಟ ಅನ್ನುತ್ತದಲ್ಲ, ಅಂಥ ಸ್ಥಿರ ವಿದ್ಯುತ್ತನ್ನು ತೊಲಗಿಸುವ ಯಂತ್ರವನ್ನು 1960ರ ದಶಕದಲ್ಲಿ ಅಮೆರಿಕದ ಡ್ವೇನ್ ಪಿಯರ್‌ಸಾಲ್ ಮಾಡುತ್ತಿದ್ದರು. ಒಬ್ಬ ಕೆಲಸಗಾರ ಸೇದುತ್ತಿದ್ದ ಸಿಗರೇಟಿನ ಹೊಗೆಗೆ ಅಲ್ಲಿಯೂ ಮೀಟರ್ ಕೆಳಗಿಳಿಯಿತು. ಪಿಯರ್‌ಸಾಲ್ ಆ ಗುಟ್ಟು ಹಿಡಿದರು. ಸ್ಟ್ಯಾನ್ಲಿ ಪೀಟರ್‌ಸನ್ ಜೊತೆ ಸೇರಿ, ಬ್ಯಾಟರಿಯಿಂದ ನಡೆಯುವ, ಮನೆಗೆ ಹೊಂದುವ ಅಲಾರಂ ರೂಪಿಸಿದರು. 1975ರ ಸುಮಾರಿಗೆ ಅದು ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು.

1970ರ ದಶಕದಲ್ಲೇ ಬೆಳಕಿನಿಂದ ಕೆಲಸ ಮಾಡುವ ಇನ್ನೊಂದು ಬಗೆಯೂ ಮನೆಗಳಿಗೆ ಬಂತು. ಹೆಂಚಿನ ಮನೆಯ ಬೆಳಕಿಂಡಿಯಿಂದ ಬಿಸಿಲಕೋಲು ಬೀಳುವುದನ್ನು ನೋಡಿದ್ದೀರಿ. ಒಲೆಯ ಹೊಗೆ ಅಡ್ಡ ಬಂದರೆ ಆ ಕೋಲು ಎದ್ದು ಕಾಣುತ್ತದೆ. ಹೊಗೆಯ ಕಣಗಳು ಬೆಳಕನ್ನು ಸುತ್ತಲೂ ಚೆದುರಿಸುವುದೇ ಇದಕ್ಕೆ ಕಾರಣ. ಅಲಾರಂ ಒಳಗಿನ ಕತ್ತಲ ಗೂಡಿನಲ್ಲೂ ಇದೇ ಆಟ. ಚೆದುರಿದ ಬೆಳಕು ಪಕ್ಕದ ಎಲೆಕ್ಟ್ರಾನಿಕ್ ಕಣ್ಣಿಗೆ ಬಿದ್ದ ತಕ್ಷಣ ಅದು ಕೂಗುತ್ತದೆ. ಉರಿ ಕಾಣದೆ ಹೊಗೆಯಾಡುವ ಹಾಸಿಗೆ, ಬಟ್ಟೆಯಂಥ ಬೆಂಕಿಯನ್ನು ಈ ಬಗೆಯದು ಬೇಗ ಹಿಡಿಯುತ್ತದೆ.

ಲೆಕ್ಕ ಏನು ಹೇಳುತ್ತದೆ

1975ರಲ್ಲಿ ಅಮೆರಿಕದ ಹತ್ತರಲ್ಲಿ ಒಂದು ಮನೆಯಲ್ಲೂ ಅಲಾರಂ ಇರಲಿಲ್ಲ. 2000ದ ಹೊತ್ತಿಗೆ ನೂರಕ್ಕೆ 95 ಮನೆಗಳಲ್ಲಿತ್ತು. ಅದೇ ಅವಧಿಯಲ್ಲಿ ಮನೆ ಬೆಂಕಿಯ ಸಾವುಗಳು ಸುಮಾರು ಅರ್ಧಕ್ಕಿಳಿದವು. ಇದೊಂದರಿಂದಲೇ ಇಳಿಯಿತು ಎನ್ನಲಾಗದು. ಆದರೆ ಅಲ್ಲಿನ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ಕೊಡುವ ಲೆಕ್ಕ ಗಮನಿಸಿ: ಮನೆ ಬೆಂಕಿಯ ಪ್ರತಿ ಐದು ಸಾವುಗಳಲ್ಲಿ ಸುಮಾರು ಮೂರು, ಅಲಾರಂ ಇಲ್ಲದ ಅಥವಾ ಇದ್ದರೂ ಕೆಲಸ ಮಾಡದ ಮನೆಗಳಲ್ಲಿ ಆದವು. ಕೆಲಸ ಮಾಡದಿರಲು ದೊಡ್ಡ ಕಾರಣ ಬ್ಯಾಟರಿ. ಅಡುಗೆಯ ಹೊಗೆಗೆ ಸುಮ್ಮಸುಮ್ಮನೆ ಕೂಗುತ್ತದೆಂದು ಬ್ಯಾಟರಿ ಕಿತ್ತಿಡುವವರು ಅಲ್ಲಿಯೂ ಇದ್ದಾರೆ.

ನಮ್ಮ ಊರಿಗೆ ಬಂದರೆ

2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಮಹಡಿಗಳಲ್ಲಿ ಹೊಗೆ ತುಂಬಿ, ಉಸಿರುಗಟ್ಟಿ, ಕೆಲವರು ಕಿಟಕಿಯಿಂದ ಹಾರಿದರು. ಹಾಡಹಗಲೇ ಹೊಗೆ ಇಷ್ಟು ಮಾಡಿತು.

ನಮ್ಮಲ್ಲಿ ಹೊಗೆ ಅಲಾರಂ ಮಾತು ಬರುವುದು ಇಂಥ ಎತ್ತರದ ಕಟ್ಟಡ, ಹೋಟೆಲ್, ಆಸ್ಪತ್ರೆಗಳ ವಿಚಾರದಲ್ಲೇ. ಹಳ್ಳಿ ಮನೆಯ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಹಳ್ಳಿ ಮನೆಯೇ ಬದಲಾಗಿದೆ. ಇಲ್ಲಣ ಹಿಡಿದ ತೊಲೆಗಳ ಹೆಂಚಿನ ಮನೆಯಲ್ಲಿ ಹೊಗೆ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಈಗ ಆರ್‌ಸಿಸಿ ಮನೆ, ಸೊಳ್ಳೆ ಬರುತ್ತದೆಂದು ಮುಚ್ಚಿದ ಕಿಟಕಿ, ಫೋಮ್ ಹಾಸಿಗೆ, ಪಕ್ಕದಲ್ಲೇ ಸೊಳ್ಳೆಬತ್ತಿ, ಒಳಗೇ ಚಾರ್ಜಿಗೆ ಹಾಕಿದ ಬ್ಯಾಟರಿ ಸ್ಕೂಟರ್. ಅಗ್ನಿಶಾಮಕ ಠಾಣೆ ತಾಲ್ಲೂಕು ಕೇಂದ್ರದಲ್ಲಿ. 101ಕ್ಕೋ 112ಕ್ಕೋ ಕರೆ ಮಾಡಬೇಕಾದರೂ ಮೊದಲು ಎಚ್ಚರವಾಗಬೇಕು!

ಕೊಳ್ಳುವವರು ಕೆಲವು ಮಾತು ನೆನಪಿಡಿ. ಸೌದೆ ಒಲೆಯ ಹತ್ತಿರ ಬೇಡ. ಮಲಗುವ ಕೋಣೆಯ ಒಳಗೆ, ಸೂರಿಗೆ ಹಾಕಿ. ಬಾಗಿಲಾಚೆ ನಡುಮನೆಯಲ್ಲೂ ಒಂದಿದ್ದರೆ ಒಳ್ಳೆಯದು. ಬ್ಯಾಟರಿಯದಾದರೆ ಕರೆಂಟ್ ಹೋದರೂ ಕೆಲಸ ಮಾಡುತ್ತದೆ. ತಿಂಗಳಿಗೊಮ್ಮೆ ಗುಂಡಿ ಒತ್ತಿ ಸದ್ದು ಕೇಳಿ. ಹತ್ತು ವರ್ಷವಾದ ಮೇಲೆ ಹೊಸದು ಹಾಕಿ. ಗ್ಯಾಸ್ ಸೋರಿಕೆ ಇದಕ್ಕೆ ಗೊತ್ತಾಗುವುದಿಲ್ಲ, ಅದಕ್ಕೆ ಬೇರೆ ಸಾಧನವಿದೆ. ಅಲಾರಂ ಕೂಗಿದರೆ ಸಾಮಾನು ಹುಡುಕಬೇಡಿ. ಹೊಗೆ ಮೇಲೆ ನಿಲ್ಲುತ್ತದೆ, ಬಗ್ಗಿಕೊಂಡು ಹೊರಗೆ ಬನ್ನಿ. ಮಕ್ಕಳಿಗೂ ಅಜ್ಜಿ ತಾತಂದಿರಿಗೂ ಇದನ್ನು ಮೊದಲೇ ಹೇಳಿಡಿ.

ಹುಟ್ಟಿದಾಗಿನಿಂದ ಅಮೆರಿಕದ ಮನೆಗಳಿಗೆ ಬರಲು ಈ ಅಲಾರಂಗೆ ಸುಮಾರು ಮೂರೂವರೆ ದಶಕ ಬೇಕಾಯಿತು. ಆಗ ಅಡ್ಡಿಯಾಗಿದ್ದದ್ದು ಗಾತ್ರ ಮತ್ತು ಬೆಲೆ. ಆ ಎರಡೂ ಅಡ್ಡಿ ಇಳಿದು ಬಹಳ ವರ್ಷಗಳಾದವು. ನಮ್ಮ ಹಳ್ಳಿಗಳಲ್ಲಿ ಈಗ ಉಳಿದಿರುವುದು ‘ನಮ್ಮ ಮನೆಗೇನು ಆಗುತ್ತೆ ಬಿಡಿ’ ಎನ್ನುವ ಮಾತೊಂದೇ.