ಬಾಗಿಲು ತೆರೆದಿದೆ ಅಂದ್ರೆ ಸಾಕಾ?



"ಯಾವ ಮಗು ಯಾವ ಸರ್ಕಾರಿ ಶಾಲೆಗಾದ್ರೂ ಸೇರಬಹುದು ಅಂತ ಮಾಡಿಬಿಟ್ರೆ ಸಮಾನತೆ ತಾನಾಗೇ ಬರುತ್ತೆ, ಅಮೆರಿಕ ನೋಡಿ" ಅನ್ನೋ ಮಾತನ್ನ ಚರ್ಚೆಗಳಲ್ಲಿ ಆಗಾಗ ಕೇಳ್ತೀನಿ. ಅಲ್ಲಿ ಸರ್ಕಾರಿ ಶಾಲೆಗಳು ಸ್ಥಳೀಯ ಶಾಲಾ ಡಿಸ್ಟ್ರಿಕ್ಟ್‌ಗಳ ಕೈಯಲ್ಲಿವೆ. ಮಗುವಿನ ಶಾಲೆ ಯಾವುದು ಅನ್ನೋದನ್ನ ಸಾಮಾನ್ಯವಾಗಿ ಮನೆ ವಿಳಾಸ ತೀರ್ಮಾನಿಸುತ್ತೆ. ಆ ಗೆರೆ ದಾಟಿ ಬೇರೆ ಶಾಲೆಗೆ ಅರ್ಜಿ ಹಾಕೋ ಅವಕಾಶಕ್ಕೆ 'ಓಪನ್ ಎನ್‌ರೋಲ್‌ಮೆಂಟ್' ಅಂತಾರೆ. ಇದರ ಬಗ್ಗೆ ಮೂರು ತಪ್ಪು ತಿಳುವಳಿಕೆಗಳಿವೆ.

ಒಂದು: ಆಯ್ಕೆಯ ಸ್ವಾತಂತ್ರ್ಯ ಅಂದ್ರೆ ಯಾವಾಗಲೂ ಶೋಷಿತರ ಪರ.

ಇತಿಹಾಸ ಬೇರೆಯೇ ಹೇಳುತ್ತೆ. ಬಣ್ಣ ನೋಡಿ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಹಾಕುವುದು ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ದಕ್ಷಿಣದ ರಾಜ್ಯಗಳು ಅದನ್ನ ಪಾಲಿಸೋಕೆ ಸಿದ್ಧ ಇರಲಿಲ್ಲ. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ 1959ರಿಂದ 1964ರವರೆಗೆ ತನ್ನ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟಿತು! 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದು ಕೇಂದ್ರದ ಅನುದಾನ ನಿಲ್ಲೋ ಭಯ ಹುಟ್ಟಿದಾಗ ಹಲವು ಡಿಸ್ಟ್ರಿಕ್ಟ್‌ಗಳು 'ಫ್ರೀಡಂ ಆಫ್ ಚಾಯ್ಸ್' ಅನ್ನೋ ದಾರಿ ಹಿಡಿದವು. ಇಷ್ಟ ಬಂದ ಶಾಲೆ ಆರಿಸ್ಕೊಳ್ಳಿ, ನಾವು ತಡೆಯಲ್ಲ ಅಂದ್ರು.

ವರ್ಜೀನಿಯಾದ್ದೇ ನ್ಯೂ ಕೆಂಟ್ ಕೌಂಟಿಯಲ್ಲಿ ಇದ್ದದ್ದು ಎರಡೇ ಶಾಲೆ. ಬಿಳಿಯರದ್ದು ನ್ಯೂ ಕೆಂಟ್, ಕಪ್ಪು ಜನರದ್ದು ವಾಟ್ಕಿನ್ಸ್. 1965ರಲ್ಲಿ ಅಲ್ಲೂ ಈ ಯೋಜನೆ ಬಂತು. ಮೂರು ವರ್ಷದಲ್ಲಿ ಒಂದೇ ಒಂದು ಬಿಳಿಯ ಮಗು ವಾಟ್ಕಿನ್ಸ್‌ಗೆ ಬರಲಿಲ್ಲ. ಸುಮಾರು 85% ಕಪ್ಪು ಮಕ್ಕಳು ವಾಟ್ಕಿನ್ಸ್‌ನಲ್ಲೇ ಉಳಿದರು.

ಎರಡು: ಹೋಗದಿದ್ರೆ ಅದು ಅವರ ಇಷ್ಟ.

ಹೋದವರಿಗೆ ಏನಾಯ್ತು ನೋಡಿ. ಮಿಸಿಸಿಪ್ಪಿಯ ಡ್ರೂ ಊರಿನ ಹತ್ತಿರ ಬಿಳಿಯ ಮಾಲೀಕನ ಹತ್ತಿ ತೋಟದಲ್ಲಿ ಪಾಲಿಗೆ ದುಡೀತಿದ್ದ ಮೇ ಬರ್ತಾ ಕಾರ್ಟರ್ ಮತ್ತು ಮ್ಯಾಥ್ಯೂ ಕಾರ್ಟರ್ ದಂಪತಿ 1965ರಲ್ಲಿ ತಮ್ಮ ಏಳು ಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸಿದರು. ರಾತ್ರಿ ಮನೆ ಮೇಲೆ ಗುಂಡು ಹಾರಿತು. ಅಂಗಡಿಯಲ್ಲಿ ಸಾಲ ನಿಂತಿತು. ಕೊನೆಗೆ ಜಮೀನೂ ಹೋಯ್ತು, ಮನೆಯೂ ಹೋಯ್ತು. ಅರ್ಜಿ ಹಾಕೋಕೆ ಕಾಸು ಬೇಕಿರಲಿಲ್ಲ, ಆದ್ರೆ ಅದರ ಬೆಲೆ ಇಷ್ಟಿತ್ತು. ಮಕ್ಕಳು ಶಾಲೆ ಬಿಡಲಿಲ್ಲ ಅನ್ನೋದು ಆ ತಾಯಿಯ ಗಟ್ಟಿತನ, ಯೋಜನೆಯ ಔದಾರ್ಯ ಅಲ್ಲ.

ನ್ಯೂ ಕೆಂಟ್ ಪ್ರಕರಣದಲ್ಲಿ 1968ರ ಮೇ 27ರಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಬೇರ್ಪಡಿಸಿದ್ದು ಶಾಲಾ ಮಂಡಳಿ, ಅದನ್ನ ಸರಿಪಡಿಸೋ ಹೊಣೆಯೂ ಮಂಡಳಿಯದ್ದೇ. ಆ ಭಾರವನ್ನ ಮಕ್ಕಳ, ಹೆತ್ತವರ ತಲೆಗೆ ಕಟ್ಟೋ ಹಾಗಿಲ್ಲ.

ಮೂರು: ಅದೆಲ್ಲ ಹಳೇ ಕಥೆ, ಈಗ ಕೇಳಿದವರಿಗೆಲ್ಲ ಸೀಟು ಸಿಗುತ್ತೆ.

1988ರಲ್ಲಿ ಮಿನ್ನೆಸೋಟ ಇಡೀ ರಾಜ್ಯಕ್ಕೆ ಅನ್ವಯಿಸುವ ಓಪನ್ ಎನ್‌ರೋಲ್‌ಮೆಂಟ್ ಕಾನೂನು ತಂತು. ಇದರ ಉದ್ದೇಶ ಹಳೇ ದಕ್ಷಿಣದ ಕುತಂತ್ರ ಅಲ್ಲ, ಇದರಿಂದ ಉಪಯೋಗ ಪಡೆದ ಬಡ ಕುಟುಂಬಗಳೂ ಇವೆ. ಆದ್ರೆ ಅಲ್ಲೂ ಜಾಗ ಇಲ್ಲ ಅಂತ ಡಿಸ್ಟ್ರಿಕ್ಟ್ ಅರ್ಜಿ ತಿರಸ್ಕರಿಸಬಹುದು. ಹೊಸ ಡಿಸ್ಟ್ರಿಕ್ಟ್‌ನ ಗಡಿವರೆಗೆ ಮಗುವನ್ನು ಮುಟ್ಟಿಸೋದು ಸಾಮಾನ್ಯವಾಗಿ ಹೆತ್ತವರ ಜವಾಬ್ದಾರಿ. ಒಹಾಯೋದಲ್ಲಂತೂ ದೊಡ್ಡ ನಗರಗಳ ಸುತ್ತಲಿನ ಎಷ್ಟೋ ಶ್ರೀಮಂತ ಡಿಸ್ಟ್ರಿಕ್ಟ್‌ಗಳು ಇದಕ್ಕೆ ಸೇರಿಯೇ ಇಲ್ಲ. ಕಾರಿಲ್ಲದವರಿಗೆ, ಬೆಳಗಿನ ಪಾಳಿಗೆ ಓಡೋ ತಾಯಿಗೆ ಇದು ಎಂಥ ಆಯ್ಕೆ?

ಇದು ನಮಗೆ ಹೊಸದಲ್ಲ. 1856ರಲ್ಲಿ ನಮ್ಮ ಧಾರವಾಡದ ಸರ್ಕಾರಿ ಶಾಲೆ ಒಬ್ಬ ಮಹಾರ್ ಹುಡುಗನನ್ನು ಸೇರಿಸಿಕೊಳ್ಳಲಿಲ್ಲ. ನ್ಯಾಯ ಹುಡುಗನ ಕಡೆಗಿದೆ ಎಂದು ಒಪ್ಪಿಕೊಂಡೇ ಬಾಂಬೆ ಸರ್ಕಾರ, ಒಬ್ಬನಿಗೋಸ್ಕರ ಸವರ್ಣ ಮಕ್ಕಳಿರುವ ಶಾಲೆಯನ್ನು ಕೆಡಿಸೋಕಾಗಲ್ಲ ಅಂತ ಕೈ ತೊಳ್ಕೊಂತು. 1858ರಲ್ಲಿ ಸರ್ಕಾರಿ ಶಾಲೆಗಳು ಎಲ್ಲರಿಗೂ ತೆರೆದಿವೆ ಅನ್ನೋ ಘೋಷಣೆಯೂ ಬಂತು. ಆಮೇಲೂ ಎಷ್ಟು ತಲೆಮಾರು ನಮ್ಮ ಹಿರಿಯರು ಶಾಲೆಯ ಜಗಲಿಯಲ್ಲಿ, ಬಾಗಿಲ ಹೊರಗೆ ಕೂತು ಪಾಠ ಕೇಳಿದರು ಅಂತ ನಮಗೆ ಗೊತ್ತು.

ಅದಕ್ಕೇ ನಾನು ಹೇಳೋದು: ಯಾರಾದ್ರೂ "ಎಲ್ಲರಿಗೂ ಅವಕಾಶ ಇದೆ" ಅಂದಾಗ ಅಲ್ಲಿಗೇ ಸುಮ್ಮನಾಗಬೇಡಿ. ಬಸ್ ಯಾರು ಕೊಡ್ತಾರೆ? ಬೇಡ ಅನ್ನೋ ಅಧಿಕಾರ ಯಾರ ಕೈಲಿದೆ? ಹೋದ ಮಗುವಿಗೆ ರಕ್ಷಣೆ ಏನು? ಹೋಗಲಾಗದೆ ಉಳಿದ ಮಕ್ಕಳ ಶಾಲೆಯ ಗತಿ ಏನು? ಈ ನಾಲ್ಕು ಪ್ರಶ್ನೆ ಕೇಳಿ. ಒಳ್ಳೆ ಶಾಲೆ ಹುಡುಕ್ಕೊಂಡು ಹೋಗೋದು ಮಗುವಿನ ಕೆಲಸ ಅಲ್ಲ. ಮಗು ಇರೋ ಕಡೆ ಒಳ್ಳೆ ಶಾಲೆ ಕೊಡೋದು ಸರ್ಕಾರದ ಕೆಲಸ.

ಜೈ ಭೀಮ್.