ಮನಸ್ಸಿಗೆ ಚಿಕಿತ್ಸೆ ಕೊಡುವವರು ಎಷ್ಟು ಕಲಿತಿರಬೇಕು? ಪಣಜಿಯ ಪಾದ್ರಿಯಿಂದ ಬಳ್ಳಾರಿಯವರೆಗಿನ ಕಥೆ

ಪಣಜಿಯಲ್ಲಿ ಮಾಂಡೋವಿ ನದಿ ದಂಡೆಗೆ, ಹಳೆಯ ಸೆಕ್ರೆಟರಿಯೇಟ್ ಕಟ್ಟಡದ ಪಕ್ಕದಲ್ಲಿ ಒಂದು ಪ್ರತಿಮೆ ಇದೆ. ನಿಲುವಂಗಿ ತೊಟ್ಟ ಪಾದ್ರಿಯೊಬ್ಬರು ಕೈ ಚಾಚಿ ನಿಂತಿದ್ದಾರೆ. ಎದುರಿಗೆ ಹೆಣ್ಣುಮಗಳೊಬ್ಬಳು ಮಂಪರಿನಲ್ಲಿ ವಾಲಿದ್ದಾಳೆ. ಗೋವಾಕ್ಕೆ ದುಡಿಯಲು ಹೋದ ನಮ್ಮ ಕಡೆಯ ಜನ ಅದನ್ನು ನೋಡಿ ಮಾಟಗಾರನ ಗೊಂಬೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಇದು ಮಾಟವಲ್ಲ ಎಂದು ಇನ್ನೂರು ವರ್ಷದ ಹಿಂದೆಯೇ ಹೇಳಿದವರು ಇವರೇ. ಹೆಸರು ಅಬ್ಬೆ ಫರಿಯಾ.

ಇವರನ್ನು ಈಗ ನೆನೆಯಲು ಕಾರಣವಿದೆ. ಎರಡು ಮೂರು ದಿನದ ಕೋರ್ಸ್ ಮುಗಿಸಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ‘ಹಿಪ್ನೋಥೆರಪಿಸ್ಟ್’ ಎಂದು ಬೋರ್ಡ್ ತಗುಲಿಸುವವರು ಹೆಚ್ಚುತ್ತಿದ್ದಾರೆ. ಇಂಥ ಕೋರ್ಸುಗಳ ಜಾಹೀರಾತು ನಮ್ಮ ಫೋನಿಗೂ ಬರುತ್ತದೆ. ಮನಸ್ಸಿಗೆ ಚಿಕಿತ್ಸೆ ಕೊಡಲು ನಿಜವಾಗಿ ಎಷ್ಟು ಕಲಿತಿರಬೇಕು? ಚರಿತ್ರೆ ನೋಡಿದರೆ ಉತ್ತರ ಸಿಗುತ್ತದೆ.

ಮರ ಬೇರೆ, ಮೂರ್ಛೆ ಅದೇ

ಹದಿನೆಂಟನೇ ಶತಮಾನದಲ್ಲಿ ಫ್ರಾನ್ಸ್ ಆಂಟನ್ ಮೆಸ್ಮರ್ ಎಂಬ ವೈದ್ಯ ವಿಯೆನ್ನಾದಿಂದ ಪ್ಯಾರಿಸ್ಸಿಗೆ ಬಂದ. ಎಲ್ಲರ ಮೈಯಲ್ಲೂ ಕಣ್ಣಿಗೆ ಕಾಣದ ಅಯಸ್ಕಾಂತದ ಶಕ್ತಿ ಹರಿಯುತ್ತದೆ, ಅದು ತಡೆದರೆ ರೋಗ, ನಾನು ಕೈಯಾಡಿಸಿ ಸರಿಮಾಡುತ್ತೇನೆ ಎಂದ. ಜನ ಮುಗಿಬಿದ್ದರು.

1784ರಲ್ಲಿ ದೊರೆ ಹದಿನಾರನೇ ಲೂಯಿ ಇದರ ತನಿಖೆಗೆ ಒಂದು ಸಮಿತಿ ನೇಮಿಸಿದ. ಬೆಂಜಮಿನ್ ಫ್ರಾಂಕ್ಲಿನ್, ಲಾವೋಸಿಯೆ ಅದರಲ್ಲಿದ್ದರು. ಫ್ರಾಂಕ್ಲಿನ್ ಮನೆಯ ತೋಟದಲ್ಲಿ ಒಂದು ಮರಕ್ಕೆ ‘ಶಕ್ತಿ’ ತುಂಬಿಸಿ, ಕಣ್ಣು ಕಟ್ಟಿದ ಹುಡುಗನೊಬ್ಬನನ್ನು ಮರದಿಂದ ಮರಕ್ಕೆ ಕರೆದೊಯ್ದರು. ಹುಡುಗ ಮೂರ್ಛೆ ಹೋದ, ಆದರೆ ಶಕ್ತಿ ತುಂಬಿಸದ ಬೇರೊಂದು ಮರದ ಹತ್ತಿರ! ಅಯಸ್ಕಾಂತವೂ ಇಲ್ಲ, ಶಕ್ತಿಯೂ ಇಲ್ಲ, ಇದೆಲ್ಲ ರೋಗಿಯ ಕಲ್ಪನೆಯ ಕೆಲಸ ಎಂದು ಸಮಿತಿ ಹೇಳಿತು.

ಅಲ್ಲಿಗೆ ಮೆಸ್ಮರನ ಮಾತು ಬಿತ್ತು. ಆದರೆ ಒಂದು ಪ್ರಶ್ನೆ ಉಳಿಯಿತು. ಬರೀ ನಂಬಿಕೆಗೆ ಮೈ ಇಷ್ಟೊಂದು ಅಲುಗುತ್ತದೆಯೇ?

ಕ್ಯಾಂಡೋಲಿಂನ ಪಾದ್ರಿ

ಇದನ್ನು ಕೈಗೆತ್ತಿಕೊಂಡವರು ನಮ್ಮ ನೆರೆಯವರೇ. ಜೋಸೆ ಕಸ್ಟೋಡಿಯೊ ಡಿ ಫರಿಯಾ ಹುಟ್ಟಿದ್ದು 1756ರಲ್ಲಿ, ಗೋವಾದ ಕ್ಯಾಂಡೋಲಿಂನಲ್ಲಿ. ಹುಡುಗನಾಗಿದ್ದಾಗಲೇ ತಂದೆಯ ಜೊತೆ ಪೋರ್ಚುಗಲ್ಲಿಗೆ ಹಡಗು ಹತ್ತಿ, ಮುಂದೆ ರೋಮಿನಲ್ಲಿ ಓದಿ ಪಾದ್ರಿಯಾದರು.

ಗೋವಾದಲ್ಲಿ ಒಂದು ಕಥೆ ಹೇಳುತ್ತಾರೆ. ಲಿಸ್ಬನ್ನಿನಲ್ಲಿ ರಾಣಿಯ ಎದುರು ಪ್ರವಚನ ಮಾಡಲು ನಿಂತಾಗ ಫರಿಯಾ ಅವರಿಗೆ ಬಾಯಿ ಕಟ್ಟಿತಂತೆ. ಕೆಳಗೆ ಕೂತಿದ್ದ ತಂದೆ ಮೆಲ್ಲಗೆ ಕೊಂಕಣಿಯಲ್ಲಿ, ಇವರೆಲ್ಲ ಬರೀ ಸೊಪ್ಪು, ಕೊಯ್ದು ಹಾಕು ಮಗನೇ ಎಂದರಂತೆ. ಅಷ್ಟಕ್ಕೇ ಹೆದರಿಕೆ ಬಿಟ್ಟು ಮಾತು ಹರಿಯಿತಂತೆ. ಒಂದು ಮಾತು ಮನುಷ್ಯನನ್ನು ಹೀಗೆ ಬದಲಿಸುತ್ತದಲ್ಲ, ಅದು ಹೇಗೆ ಎಂಬ ಯೋಚನೆ ಅಲ್ಲಿಂದ ಶುರುವಾಯಿತು ಎನ್ನುತ್ತಾರೆ.

1813ರಲ್ಲಿ ಅವರು ಪ್ಯಾರಿಸ್ಸಿನಲ್ಲಿ ಜನರ ಎದುರು ಪ್ರಯೋಗ ಮಾಡಿ ತೋರಿಸಲು ತೊಡಗಿದರು. ಅವರ ಮಾತು ನೇರವಾಗಿತ್ತು: ನನ್ನ ಕೈಯಲ್ಲಿ ಯಾವ ಶಕ್ತಿಯೂ ಇಲ್ಲ, ಮಂಪರಿಗೆ ಹೋಗುವ ಶಕ್ತಿ ಇರುವುದು ಎದುರಿಗೆ ಕೂತವರ ಮನಸ್ಸಿನಲ್ಲಿ. ವಶೀಕರಣದ ಜಾಹೀರಾತು ಹೇಳುವುದಕ್ಕೆ ಇದು ಪೂರ್ತಿ ಉಲ್ಟಾ. ಪ್ಯಾರಿಸ್ಸಿನ ಜನ ನಕ್ಕರು, ನಾಟಕ ಬರೆದು ಲೇವಡಿ ಮಾಡಿದರು. 1819ರಲ್ಲಿ ಫರಿಯಾ ಬಡತನದಲ್ಲೇ ತೀರಿಕೊಂಡರು. ಅವರ ಮಾತು ಸರಿ ಎಂದು ಫ್ರಾನ್ಸಿನ ವೈದ್ಯರೇ ಒಪ್ಪಿದ್ದು ಹಲವು ದಶಕಗಳ ಮೇಲೆ.

ಹೂಗ್ಲಿಯ ಆಸ್ಪತ್ರೆ

1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್‌ಡೇಲ್ ಎಂಬ ಸ್ಕಾಟ್ಲೆಂಡಿನ ಸರ್ಜನ್ ಇದ್ದ. ಆಗ ಅರಿವಳಿಕೆ ಮದ್ದು ಇನ್ನೂ ಬಂದಿರಲಿಲ್ಲ. ರೋಗಿಯನ್ನು ನಾಲ್ಕು ಜನ ಅದುಮಿ ಹಿಡಿದು ಕೊಯ್ಯುವ ಕಾಲ. ಎಸ್‌ಡೇಲ್ ಒಬ್ಬ ಕೈದಿಯನ್ನು ಮೊದಲು ಮಂಪರಿಗೆ ತಂದು, ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದ. ಮುಂದೆ ಆನೆಕಾಲು ರೋಗದಿಂದ ಬರುವ ಭಾರಿ ಗೆಡ್ಡೆಗಳನ್ನೂ ಹೀಗೆಯೇ ತೆಗೆದ. 1846ರಲ್ಲಿ ಸರ್ಕಾರ ಅವನಿಗೆ ಕಲ್ಕತ್ತದಲ್ಲಿ ಒಂದು ಆಸ್ಪತ್ರೆಯನ್ನೇ ಕೊಟ್ಟಿತು.

ತಾಸುಗಟ್ಟಲೆ ಕೂತು ಕೈಯಾಡಿಸಿ ರೋಗಿಯನ್ನು ಮಲಗಿಸುವ ಕೆಲಸ ಎಸ್‌ಡೇಲ್ ತಾನೇ ಮಾಡುತ್ತಿರಲಿಲ್ಲ. ಆಸ್ಪತ್ರೆಯ ಸ್ಥಳೀಯ ಸಹಾಯಕರಿಗೆ ಕಲಿಸಿ, ಅವರಿಂದ ಮಾಡಿಸುತ್ತಿದ್ದ. ಮಂಪರಿಗೆ ತರುವುದನ್ನು ಯಾರು ಬೇಕಾದರೂ ಕಲಿಯಬಹುದು ಎಂದು ಆಗಲೇ ಗೊತ್ತಾಗಿತ್ತು. ಆದರೆ ರೋಗ ಯಾವುದು, ಎಲ್ಲಿ ಕೊಯ್ಯಬೇಕು, ಎಲ್ಲಿ ಕೊಯ್ಯಬಾರದು ಎಂಬುದು ಸರ್ಜನ್‌ಗೆ ಮಾತ್ರ ಗೊತ್ತಿತ್ತು. ಇಂದಿಗೂ ಕಷ್ಟದ ಕಲಿಕೆ ಎರಡನೆಯದೇ.

ಅಷ್ಟರಲ್ಲಿ ಈಥರ್, ಕ್ಲೋರೋಫಾರ್ಮ್ ಬಂದವು. ಎಸ್‌ಡೇಲನ ವಿಧಾನ ಮೂಲೆಗೆ ಸರಿಯಿತು. ಇತ್ತ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಜೇಮ್ಸ್ ಬ್ರೇಡ್ ಎಂಬ ಸರ್ಜನ್ 1843ರ ಪುಸ್ತಕದಲ್ಲಿ ಗ್ರೀಕರ ನಿದ್ರೆಯ ಪದದಿಂದ ‘ಹಿಪ್ನಾಟಿಸಂ’ ಎಂಬ ಹೆಸರನ್ನು ಬಳಕೆಗೆ ತಂದಿದ್ದ.

ಕಲಿಸುವ ಪದ್ಧತಿ ಬಂತು

ಸಿಗ್ಮಂಡ್ ಫ್ರಾಯ್ಡ್ ಕೂಡ ಮೊದಲು ಹಿಪ್ನಾಟಿಸಂ ಮಾಡುತ್ತಿದ್ದವರೇ. ಎಲ್ಲರೂ ಮಂಪರಿಗೆ ಹೋಗುವುದಿಲ್ಲ, ಹೋದ ರೋಗ ಮರಳಿ ಬರುತ್ತದೆ ಎಂದು ಕಂಡು ಅದನ್ನು ಬಿಟ್ಟರು. ರೋಗಿಯನ್ನು ಮಾತಾಡಲು ಬಿಟ್ಟು ಕೇಳಿಸಿಕೊಳ್ಳುವ ದಾರಿ ಹಿಡಿದರು. ಅವರ ಶಿಷ್ಯರು 1920ರಲ್ಲಿ ಬರ್ಲಿನ್ನಿನಲ್ಲಿ ಸಂಸ್ಥೆ ಕಟ್ಟಿದರು. ಅಲ್ಲಿ ಕಲಿಯುವವರಿಗೆ ಮೂರು ಕಟ್ಟಳೆ ಬಂದವು: ಶಾಸ್ತ್ರ ಓದಬೇಕು, ತನ್ನ ಮನಸ್ಸನ್ನೇ ಮೊದಲು ಪರೀಕ್ಷೆಗೆ ಒಡ್ಡಬೇಕು, ಹಿರಿಯರ ಕಣ್ಗಾವಲಿನಲ್ಲಿ ರೋಗಿಗಳನ್ನು ನೋಡಬೇಕು. 1922ರಲ್ಲಿ ಕಲ್ಕತ್ತದಲ್ಲಿ ಗಿರೀಂದ್ರಶೇಖರ ಬೋಸ್ ಭಾರತದ ಮನೋವಿಶ್ಲೇಷಣಾ ಸಂಘ ಕಟ್ಟಿದರು.

ನಮ್ಮ ರಾಜ್ಯದ ಪಾಲು ದೊಡ್ಡದು. 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ನಿರ್ದೇಶಕರು. ಮರುವರ್ಷದಿಂದಲೇ ಮನೋವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ತರಬೇತಿ ನಡೆಯಿತು. 1974ರಲ್ಲಿ ಇವೇ ಸೇರಿ ನಿಮ್ಹಾನ್ಸ್ ಆದವು.

ಕಡಿಮೆ ಅವಧಿಯ ತರಬೇತಿಯೇ ತಪ್ಪು ಎಂದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಸಣ್ಣ ಅವಧಿಯ ತರಬೇತಿಯನ್ನೇ ಕೊಟ್ಟಿತು. ಆದರೆ ಅವರಿಗೆ ಗಡಿ ಗೊತ್ತಿತ್ತು. ಇಷ್ಟು ನಾವು ನೋಡಬೇಕು, ಇದಕ್ಕಿಂತ ಹೆಚ್ಚಿನದನ್ನು ಮೇಲಿನವರಿಗೆ ಕಳಿಸಬೇಕು. ಇದೇ ಮಾದರಿ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹರಡಿತು.

ಕಾನೂನಿನ ಸಂದು

2003ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಆದೇಶ ಹೊರಡಿಸಿತು. ಹಿಪ್ನೋಥೆರಪಿಯನ್ನು ಚಿಕಿತ್ಸೆಯ ಒಂದು ವಿಧಾನವಾಗಿ ಬಳಸಬಹುದು, ಆದರೆ ನೋಂದಾಯಿತ ವೈದ್ಯರು ಅಥವಾ ಸೂಕ್ತ ತರಬೇತಿ ಪಡೆದವರು ಮಾತ್ರ ಎಂದಿತು. ಆ ‘ಸೂಕ್ತ’ ಎಂಬ ಒಂದು ಪದದ ಸಂದಿನಲ್ಲೇ ಮೂರು ದಿನದ ಸರ್ಟಿಫಿಕೇಟುಗಳು ನುಸುಳುತ್ತವೆ.

ಹಿಪ್ನೋಥೆರಪಿ ಸುಳ್ಳಲ್ಲ. ನೋವು, ಆತಂಕ, ಕೆಲವು ಬಗೆಯ ಹೊಟ್ಟೆಯ ತೊಂದರೆಗಳಿಗೆ ಅದು ನೆರವಾಗುತ್ತದೆ. ಆದರೆ ಭ್ರಮೆ ಇರುವ ರೋಗಿಗೆ ಮಾಡಿದರೆ ಕಾಯಿಲೆ ಉಲ್ಬಣಿಸಬಹುದು. ಮಂಪರಿನಲ್ಲಿ ಕೆದಕಿ ಕೇಳಿದರೆ ನಡೆಯದ ಘಟನೆಯೂ ನೆನಪಾಗಿ ಕೂರಬಹುದು. ‘ಹೋದ ಜನ್ಮ’ ತೋರಿಸುವವರ ಬಳಿ ಹೋಗುವ ಮುನ್ನ ಇದು ಗೊತ್ತಿರಲಿ. ಥೈರಾಯ್ಡ್ ತೊಂದರೆ, ಮೂರ್ಛೆರೋಗ, ಮೆದುಳಿನ ಗೆಡ್ಡೆ ಕೂಡ ಮನಸ್ಸಿನ ಕಾಯಿಲೆಯ ವೇಷದಲ್ಲಿ ಬರುವುದುಂಟು. ಅದನ್ನು ಗುರುತಿಸಲು ಮೂರು ದಿನ ಸಾಲದು.

ಹಾಗಾಗಿ ಬೋರ್ಡ್ ನೋಡಿ ಒಳಗೆ ಹೋಗಬೇಡಿ, ಕೇಳಿ. ಮನೋವೈದ್ಯರಾದರೆ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ, ನೋಂದಣಿ ಸಂಖ್ಯೆ ಇರಬೇಕು. ಕಲಿತವರು ಆ ಸಂಖ್ಯೆ ಹೇಳಲು ಬೇಸರಪಡುವುದಿಲ್ಲ. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಕಾಸು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಫರಿಯಾ ಹೇಳಿದಂತೆ ಶಕ್ತಿ ಇರುವುದು ನಿಮ್ಮ ಮನಸ್ಸಿನಲ್ಲಿ. ಅದನ್ನು ಯಾರ ಕೈಗೆ ಕೊಡುತ್ತೀರಿ ಎಂದು ವಿಚಾರಿಸುವ ಹಕ್ಕೂ ನಿಮ್ಮದೇ.