ತಮ್ಮ ಕೆಲಸವನ್ನೇ ಯಂತ್ರಕ್ಕೆ ಕೊಟ್ಟವರು

ಬೇರೆಯವರ ಕೆಲಸವನ್ನು ಕಂಪ್ಯೂಟರಿಗೆ ವಹಿಸುವುದು ಪ್ರೋಗ್ರಾಮರುಗಳ ಕಸುಬು. ಆದರೆ ತಮ್ಮದೇ ಕೆಲಸವನ್ನು ಅವರು ಬಹುಕಾಲ ಕೈಯಲ್ಲೇ ಮಾಡುತ್ತಿದ್ದರು. 1950ರ ದಶಕದ ಅಮೆರಿಕದಲ್ಲಿ ಐಬಿಎಂ ಯಂತ್ರ ಬೇಕಾದವರು ಮೊದಲೇ ಹೊತ್ತು ಗೊತ್ತುಮಾಡಿಕೊಂಡು, ಕಾರ್ಡುಗಳ ಕಟ್ಟು ಹಿಡಿದು ಬರಬೇಕಿತ್ತು. ಟೇಪು ಏರಿಸಿ, ಕಾರ್ಡು ತುಂಬಿ, ಕೊನೆಗೆ ಎಲ್ಲವನ್ನೂ ಇಳಿಸುವಷ್ಟರಲ್ಲಿ ಸಿಕ್ಕ ಹೊತ್ತಿನ ದೊಡ್ಡ ಪಾಲು ಸೋರಿಹೋಗುತ್ತಿತ್ತು. ದುಬಾರಿ ಬಾಡಿಗೆಯ ಯಂತ್ರ ಅಷ್ಟೂ ಹೊತ್ತು ಸುಮ್ಮನೆ ಕೂತಿರುತ್ತಿತ್ತು.

1956ರಲ್ಲಿ ಜನರಲ್ ಮೋಟರ್ಸ್‌ನ ರಾಬರ್ಟ್ ಪ್ಯಾಟ್ರಿಕ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್‌ನ ಓವೆನ್ ಮಾಕ್ ಇದಕ್ಕೊಂದು ದಾರಿ ಹುಡುಕಿದರು. ಐಬಿಎಂ 704ಕ್ಕಾಗಿ ರೂಪುಗೊಂಡ ಅವರ ಮೇಲ್ವಿಚಾರಕ ಪ್ರೋಗ್ರಾಮ್, ಒಂದು ಕೆಲಸ ಮುಗಿದೊಡನೆ ಮುಂದಿನದನ್ನು ತಾನೇ ಎತ್ತಿಕೊಳ್ಳುತ್ತಿತ್ತು. ಇಂದಿನ ಆಪರೇಟಿಂಗ್ ಸಿಸ್ಟಂಗಳ ಹಿರಿಯಜ್ಜ ಅದು. ಅದನ್ನು ಕಟ್ಟಿದ್ದು ಯಂತ್ರ ತಯಾರಿಸಿದವರಲ್ಲ. ಬಾಡಿಗೆ ತೆತ್ತು ಬೇಸತ್ತ ಕಾರಿನವರು, ವಿಮಾನದವರು.

ಬೇಸರದ ಇನ್ನೊಂದು ಫಲ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಸಿಕ್ಕಿತು. 1976ರಲ್ಲಿ ಒಂದು ದಿನ ಸ್ಟೀವ್ ಜಾನ್ಸನ್ ಸಿಡಿಮಿಡಿಗೊಂಡು ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಕೋಣೆಗೆ ನುಗ್ಗಿದರು. ಜಾನ್ಸನ್ ಸಾಮಾನ್ಯರಲ್ಲ, 'ಯಾಕ್' ಎಂಬ ಹೆಸರಾಂತ ಸಾಧನವನ್ನು ಬರೆದವರು. ಅಂಥವರೂ ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ಬೆಳಗೆಲ್ಲ ತಪ್ಪು ಹುಡುಕಿದ್ದರು! ತಪ್ಪನ್ನು ತಿದ್ದಿಯಾಗಿತ್ತು, ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಲು, ಅಂದರೆ ಯಂತ್ರದ ಭಾಷೆಗೆ ಇಳಿಸಲು, ಮರೆತಿದ್ದರಷ್ಟೇ. ಹಿಂದಿನ ಸಂಜೆ ಫೆಲ್ಡ್‌ಮನ್ನರೂ ಅಂಥದೇ ಪೇಚಿಗೆ ಸಿಕ್ಕಿದ್ದರು. ಹಾಗೆ ಹುಟ್ಟಿದ್ದು 'ಮೇಕ್'. ಯಾವ ಕಡತ ಯಾವುದನ್ನು ನೆಚ್ಚಿಕೊಂಡಿದೆ ಎಂದು ಬರೆದಿಟ್ಟರೆ ಸಾಕು. ಕಡತಗಳ ವೇಳೆಗಳನ್ನು ಹೋಲಿಸಿ, ಹಳತಾದದ್ದನ್ನು ಮಾತ್ರ ಅದು ಮತ್ತೆ ಕಟ್ಟುತ್ತದೆ.

ಅವಸರದ ಗುರುತೊಂದು ಅದರಲ್ಲಿ ಉಳಿದುಕೊಂಡಿತು. ಆಜ್ಞೆಯ ಸಾಲುಗಳು ಟ್ಯಾಬ್‌ನಿಂದಲೇ ಶುರುವಾಗಬೇಕು, ಬರೀ ಜಾಗ ಬಿಟ್ಟರೆ ಒಪ್ಪದು. ಇದು ತೊಡಕೆಂದು ಫೆಲ್ಡ್‌ಮನ್ನರಿಗೂ ಹೊಳೆಯಿತು. ಆದರೆ ಕೆಲವೇ ವಾರಗಳಲ್ಲಿ ಹತ್ತು-ಹನ್ನೆರಡು ಜನ, ಹೆಚ್ಚಿನವರು ಗೆಳೆಯರೇ, ಬಳಸತೊಡಗಿದ್ದರು. ಅವರಿಗೆ ತೊಂದರೆ ಯಾಕೆಂದು ಸುಮ್ಮನಾದರು. ಗೆಳೆಯರ ಮೇಲಿನ ಆ ದಾಕ್ಷಿಣ್ಯಕ್ಕೆ ಅರ್ಧ ಶತಮಾನದಿಂದ ಲೋಕದ ಪ್ರೋಗ್ರಾಮರುಗಳೆಲ್ಲ ಕಂದಾಯ ಕಟ್ಟುತ್ತಿದ್ದಾರೆ. ಲಿನಕ್ಸ್ ಕರ್ನಲ್ ಇಂದಿಗೂ ಮೇಕ್‌ನಿಂದಲೇ ಕಟ್ಟಿಕೊಳ್ಳುತ್ತದೆ. 2003ರಲ್ಲಿ ಫೆಲ್ಡ್‌ಮನ್ನರಿಗೆ ಎಸಿಎಂ ಸಂಸ್ಥೆಯ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿಯೂ ಬಂತು.

ಇತ್ತ 1979ರ ಯೂನಿಕ್ಸ್ ಆಪರೇಟಿಂಗ್ ಸಿಸ್ಟಂನ ಏಳನೇ ಆವೃತ್ತಿಯಲ್ಲಿ 'ಕ್ರಾನ್' ಇತ್ತು. ನಿಮಿಷಕ್ಕೊಮ್ಮೆ ಎದ್ದು, ಪಟ್ಟಿ ನೋಡಿ, ಹೊತ್ತಾಗಿದ್ದರೆ ಕೆಲಸ ಹಚ್ಚಿ ಮತ್ತೆ ಮಲಗುವ ಕಾವಲುಗಾರ. 1987ರಲ್ಲಿ ಪಾಲ್ ವಿಕ್ಸಿ ಬರೆದ ಕ್ರಾನ್ ಮುಂದೆ ಎಷ್ಟೋ ಲಿನಕ್ಸ್ ಸರ್ವರುಗಳಿಗೆ ಬಂತು. ನಡುರಾತ್ರಿ ಬ್ಯಾಕಪ್ಪಿಗಾಗಿ ಯಾರೂ ಕಾದು ಕೂರಬೇಕಾಗಿಲ್ಲ.

ಸನ್ ಮೈಕ್ರೋಸಿಸ್ಟಮ್ಸ್‌ನ ಕೊಹ್ಸುಕೆ ಕವಾಗುಚಿ ಅವರನ್ನು ಕಾಡಿದ್ದು ನಾಚಿಕೆ. ತಾವು ಸೇರಿಸಿದ ಕೋಡಿನಿಂದ ಪ್ರೋಗ್ರಾಮ್ ಕಟ್ಟುವ ಕೆಲಸವೇ (ಬಿಲ್ಡ್) ಮುರಿದುಬಿತ್ತೆಂಬ ದೂರು ಕೇಳಿ ಸಾಕಾಗಿ, 2004ರಲ್ಲಿ 'ಹಡ್ಸನ್' ಬರೆಯತೊಡಗಿದರು. ಯಾರೇ ಕೋಡ್ ಸೇರಿಸಲಿ, ಅದು ತಾನೇ ಕಟ್ಟಿ, ಪರೀಕ್ಷಿಸಿ, ಫಲಿತಾಂಶ ಹೇಳುತ್ತಿತ್ತು. ಒರಾಕಲ್ ಸನ್ ಅನ್ನು ಕೊಂಡ ಮೇಲೆ ಹೆಸರಿನ ಜಗಳ ಎದ್ದು, 2011ರಲ್ಲಿ ಅದು 'ಜೆಂಕಿನ್ಸ್' ಆಯಿತು. ಬೆಂಗಳೂರಿನ ಬ್ಯಾಕೆಂಡ್ ಎಂಜಿನಿಯರುಗಳ ಬಾಯಲ್ಲೂ ಈ ಹೆಸರೇ ನಿಂತಿದೆ.

ಇಷ್ಟಾದರೂ ಕೈಕೆಲಸ ತೀರಲಿಲ್ಲ. ಯಂತ್ರಗಳು ಹೆಚ್ಚಿದಷ್ಟೂ ಅವನ್ನು ನೋಡಿಕೊಳ್ಳುವ ಕೆಲಸ ಹೊಸದಾಗಿ ಹುಟ್ಟಿತು. 2003ರಲ್ಲಿ ಗೂಗಲ್‌ನಲ್ಲಿ ಬೆನ್ ಟ್ರೇನರ್ ಅದಕ್ಕೆಂದೇ ತಂಡ ಕಟ್ಟಿದರು. ಅಲ್ಲಿ ಬೆಳೆದ ನಿಯಮದಂತೆ, ಎಂಜಿನಿಯರನ ವೇಳೆಯಲ್ಲಿ ಶೇ 50ಕ್ಕಿಂತ ಹೆಚ್ಚು ಇಂಥ ಮೇಲಿಂದ ಮೇಲೆ ಬರುವ ಕೈಕೆಲಸಕ್ಕೆ ಹೋಗಕೂಡದು. ಉಳಿದರ್ಧದಲ್ಲಿ ಆ ಕೆಲಸವನ್ನೇ ಕಡಿಮೆ ಮಾಡುವ ಕೋಡ್ ಬರೆಯಬೇಕು.